ಸಾಫ್ಟ್‌ವೇರ್‌ಗಿಂತ ಮೊದಲು ಆದೇಶ ಹೊರಡಲಿ

ಪ್ರಶ್ನೆ: ನಾನು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಸಹಾಯಕ ನಿರ್ದೇಶಕಿ. ಪರವಾನಗಿ ಕೊಡುವ, ನವೀಕರಿಸುವ ಕೆಲಸವನ್ನೆಲ್ಲ ಆನ್‌ಲೈನ್ ಮಾಡುವ ಯೋಜನೆಗೆ ಈಚೆಗೆ ನನ್ನನ್ನು ನೋಡಲ್ ಅಧಿಕಾರಿ ಮಾಡಿದ್ದಾರೆ. ಮೊದಲು ಇದನ್ನು ನೋಡುತ್ತಿದ್ದವರು ವರ್ಗವಾಗಿ ಹೋದರು. ಟೆಂಡರ್ ಮುಗಿದಿದೆ, ಕಾರ್ಯಾದೇಶವೂ ಹೋಗಿದೆ. ಈಗ ಕಂಪನಿಯವರು ದಪ್ಪನೆಯ ಎಸ್‌ಆರ್‌ಎಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಅನ್ನುವ ವಿವರಪಟ್ಟಿ) ತಂದಿಟ್ಟು ಸಹಿ ಹಾಕಿ ಅನ್ನುತ್ತಿದ್ದಾರೆ. ಜಿಲ್ಲೆಯವರು ನಮಗೆ ರಿಜಿಸ್ಟರೇ ಸಾಕು ಅನ್ನುತ್ತಾರೆ. ಮೇಲಿನವರಿಗೆ ಮಾರ್ಚ್ ಒಳಗೆ ಉದ್ಘಾಟನೆ ಆಗಬೇಕು. ನಾನು ಕಂಪ್ಯೂಟರ್ ಓದಿದವಳಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಸಹಿಯ ವಿಚಾರ. ಈಗಲೇ ಹಾಕಬೇಡಿ. ಹಾಗಂತ ಸುಮ್ನೆ ಇಟ್ಟುಕೊಂಡು ಕೂರಲೂ ಬೇಡಿ, ಯಾಕಂದ್ರೆ ಇಂಥ ಒಪ್ಪಂದಗಳಲ್ಲಿ 'ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ' ಅನ್ನುವ ಸಾಲೊಂದು ಒಳಗೆಲ್ಲೋ ಇರುವುದುಂಟು. ಇದೆಯಾ ನೋಡಿ. ಇರಲಿ ಬಿಡಲಿ, 'ಪರಿಶೀಲನೆಯಲ್ಲಿದೆ, ಇಂಥ ತಾರೀಕಿನೊಳಗೆ ಅಭಿಪ್ರಾಯ ಕಳಿಸುತ್ತೇವೆ' ಎಂದು ಇವತ್ತೇ ಒಂದು ಪತ್ರ ಹೋಗಲಿ. ಆಮೇಲೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ.

ಕಂಪ್ಯೂಟರ್ ಓದಿಲ್ಲ ಅನ್ನುವ ಚಿಂತೆಯನ್ನು ಬಿಟ್ಟುಬಿಡಿ. ಕೋಡ್ ಬರೆಯೋಕೆ ಕಂಪನಿಗೆ ದುಡ್ಡು ಕೊಡ್ತಿದ್ದೀರಿ. ಅವರ ಕೈಲಿ ಆಗದ ಕೆಲಸ ಬೇರೆ ಇದೆ, ಅದು ನಿಮ್ಮದು. ಒಂದು ಉದಾಹರಣೆ ಹೇಳುತ್ತೇನೆ. ನವೀಕರಣದ ಅರ್ಜಿ ಬಂತು. ವಿಷಯ ನಿರ್ವಾಹಕರು ನೋಡಿದರು, ಸ್ಥಳ ಪರಿಶೀಲನೆಗೆ ಕಳಿಸಿದರು. ಹೋದವರು 'ದಾಖಲೆ ಅಪೂರ್ಣ' ಎಂದು ಷರಾ ಬರೆದರು. ಈಗ ಅರ್ಜಿ ಏನಾಗಬೇಕು? ನಿಯಮದ ಪ್ರಕಾರ ತಿರಸ್ಕರಿಸುವ ಅಧಿಕಾರ ಪರವಾನಗಿ ಪ್ರಾಧಿಕಾರಕ್ಕೆ ಮಾತ್ರ. ಕಚೇರಿಯಲ್ಲಿ ನಡೆಯುವುದೇ ಬೇರೆ. ಕಡತ ಅಡಿಗೆ ಹೋಗುತ್ತದೆ, ಅರ್ಜಿದಾರ ಬಂದು ಕೇಳಿದರೆ ಮೇಲೆ ಬರುತ್ತದೆ. ಯಾರೂ ತಿರಸ್ಕರಿಸಿಲ್ಲ, ಯಾರೂ ಒಪ್ಪಿಲ್ಲ. ಕಾಗದದಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ಪರದೆಯ ಮೇಲೆ ನಡೆಯೋದಿಲ್ಲ, ಅಲ್ಲಿ ಒಂದು ಬಟನ್ ಬೇಕು. ಕಂಪನಿಯ ಹುಡುಗ ಬಂದು 'ಮೇಡಂ, ರಿಜೆಕ್ಟ್ ಬಟನ್ ಯಾರ ಲಾಗಿನ್‌ಗೆ ಕೊಡಲಿ?' ಎಂದು ಕೇಳುತ್ತಾನೆ. ಕೇಳಲು ತಾಂತ್ರಿಕ ಪ್ರಶ್ನೆಯ ಹಾಗಿದೆ, ಆದರೆ ಅವನು ಕೇಳುತ್ತಿರುವುದು ಅಧಿಕಾರ ಪ್ರತ್ಯಾಯೋಜನೆಯ ಆದೇಶವನ್ನು, ಅಂದರೆ ಯಾವ ಅಧಿಕಾರ ಯಾರಿಗೆ ವಹಿಸಿದೆ ಅನ್ನುವ ಆದೇಶವನ್ನು. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಅವನು ಪಾಪ ತನಗೆ ತೋಚಿದವರಿಗೆ ಕೊಡುತ್ತಾನೆ, ಆರು ತಿಂಗಳಾದ ಮೇಲೆ ಯಾರೋ ಹೈಕೋರ್ಟಿಗೆ ಹೋಗಿ 'ತಿರಸ್ಕರಿಸಲು ಈ ಅಧಿಕಾರಿಗೆ ಅಧಿಕಾರವೇ ಇಲ್ಲ' ಅನ್ನುತ್ತಾರೆ.

ಎಸ್‌ಆರ್‌ಎಸ್ ಒಳಗೆ ಇಂಥ ಪ್ರಶ್ನೆಗಳು ಹತ್ತಾರು ಅಡಗಿ ಕೂತಿರುತ್ತವೆ. ನಿಮ್ಮ ಸೇವೆ 'ಸಕಾಲ'ದಲ್ಲಿ, ಅಂದರೆ ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಅನ್ನುವ ಕಾಯ್ದೆಯಲ್ಲಿ, ಅಧಿಸೂಚಿತವಾಗಿದೆಯಾ? ಆಗಿದ್ದರೆ ಅರ್ಜಿಗೆ ಸಕಾಲದ ಸ್ವೀಕೃತಿ ಸಂಖ್ಯೆ (ಜಿಎಸ್‌ಸಿ) ಬಿದ್ದ ಗಳಿಗೆಯಿಂದ ದಿನದ ಲೆಕ್ಕ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ, ಹೋಗುವುದು ಅಧಿಕಾರಿಯ ಸಂಬಳದಿಂದ. ದಾಖಲೆ ಸಾಲದು ಎಂದು ಅರ್ಜಿಯನ್ನು ವಾಪಸ್ ಕಳಿಸಿದಾಗ ಆ ಲೆಕ್ಕ ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ? ಮತ್ತೆ ಸಲ್ಲಿಸಿದಾಗ ಹೊಸದಾಗಿ ಶುರುವೋ, ಉಳಿದ ದಿನ ಮಾತ್ರವೋ? ಇದನ್ನು ನೀವು ಹೇಳದಿದ್ದರೆ ಪ್ರೋಗ್ರಾಮರ್ ತೀರ್ಮಾನ ಮಾಡುತ್ತಾನೆ. ನಿಮ್ಮ ಜಿಲ್ಲಾ ಅಧಿಕಾರಿಯ ಸಂಬಳ ಕತ್ತರಿಸುವ ನಿಯಮವನ್ನು ಕಂಪನಿಯೊಂದರ ಇಪ್ಪತ್ತಮೂರರ ಹುಡುಗ ಬರೆಯುವುದು ವಿಚಿತ್ರ ಅಲ್ವಾ?

ಹಾಗಾಗಿ ಆ ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಓದಬೇಡಿ. ಅರ್ಧಕ್ಕರ್ಧ ಬೇರೆ ಯಾವುದೋ ಯೋಜನೆಯಿಂದ ಎತ್ತಿ ಹಾಕಿದ್ದಿರುತ್ತದೆ, ಹುಡುಕಿದರೆ ಒಂದೆರಡು ಕಡೆ ಬೇರೆ ಇಲಾಖೆಯ ಹೆಸರೂ ಸಿಕ್ಕೀತು. ಅದರ ಬದಲು ಒಂದು ಕೆಲಸ ಮಾಡಿ. ವಿಲೇವಾರಿಯಾದ ಹಳೇ ಕಡತ ಹದಿನೈದಿಪ್ಪತ್ತು ತರಿಸಿಕೊಳ್ಳಿ. ಸಲೀಸಾದವು ನಾಲ್ಕೈದು ಸಾಕು. ಉಳಿದವು ತೊಡಕಿನವೇ ಇರಲಿ. ಅರ್ಜಿದಾರ ತೀರಿಕೊಂಡು ಮಗ ಮುಂದುವರಿಸಿದ್ದು, ನ್ಯಾಯಾಲಯದ ತಡೆಯಾಜ್ಞೆ ಇದ್ದದ್ದು, ಶುಲ್ಕ ಎರಡು ಸಲ ಕಟ್ಟಿದ್ದು, ಅಧಿಕಾರಿ ರಜೆಯಲ್ಲಿದ್ದಾಗ ಪ್ರಭಾರದವರು ಸಹಿ ಹಾಕಿದ್ದು, ತಪ್ಪಾಗಿ ಕೊಟ್ಟ ಪರವಾನಗಿ ರದ್ದು ಮಾಡಿದ್ದು. ಬೆಂಗಳೂರಿಂದ ಒಬ್ಬರು, ದೂರದ ಒಂದು ತಾಲ್ಲೂಕಿನಿಂದ ಒಬ್ಬರು, ಹೀಗೆ ಇಬ್ಬರು ವಿಷಯ ನಿರ್ವಾಹಕರನ್ನು ಕರೆಸಿ. ಶಿರಸ್ತೇದಾರರನ್ನೋ ಎಫ್‌ಡಿಎಯನ್ನೋ ಕರೆಸಿ, ದಯವಿಟ್ಟು ಅವರ ಮೇಲಧಿಕಾರಿಯನ್ನು ಕರೆಸಬೇಡಿ, ಅವರಿಗೆ ನಿಯಮ ಗೊತ್ತಿರುತ್ತದೆ, ನಡೆಯುವುದು ಗೊತ್ತಿರೋದಿಲ್ಲ. ಕಂಪನಿಯವರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕಡತ ಬಿಚ್ಚಿ, 'ಇದು ನಿಮ್ಮ ವ್ಯವಸ್ಥೆಯಲ್ಲಿ ಹೇಗೆ ಹೋಗುತ್ತದೆ, ತೋರಿಸಿ' ಎಂದು ಕೇಳಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅದನ್ನು ಬರೆದುಕೊಳ್ಳುತ್ತಾ ಹೋಗಿ. ಎರಡು ದಿನ ಹಿಡಿಯಬಹುದು. ಕೊನೆಗೆ ನಿಮ್ಮ ಕೈಲಿ ಎರಡು ಪಟ್ಟಿ ಉಳಿಯುತ್ತದೆ. ಕಂಪನಿ ಸರಿಮಾಡಬೇಕಾದ್ದು ಒಂದು, ಇಲಾಖೆ ತೀರ್ಮಾನಿಸಬೇಕಾದ್ದು ಇನ್ನೊಂದು. ಎರಡನೆಯದೇ ಉದ್ದ ಇರುತ್ತದೆ. ಅದನ್ನು ಕಡತದಲ್ಲಿ ಮಂಡಿಸಿ, ಆಯುಕ್ತರ ಅನುಮೋದನೆ ಪಡೆದು, ಬೇಕಾದಲ್ಲಿ ಸುತ್ತೋಲೆ ಅಥವಾ ಸರ್ಕಾರಿ ಆದೇಶ ಮಾಡಿಸಿ. ಸಹಿ ಹಾಕೋದು ಆಮೇಲೆ.

ಆದೇಶ ಮುಂದೆ, ಸಾಫ್ಟ್‌ವೇರ್ ಹಿಂದೆ ಅನ್ನುವುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಭೂಮಿ ಯೋಜನೆ ಎಲ್ಲರಿಗೂ ಗೊತ್ತು. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಕೇಂದ್ರದ ದುಡ್ಡಿನಲ್ಲಿ ಭೂ ದಾಖಲೆ ಗಣಕೀಕರಣದ ಪ್ರಯತ್ನ ಶುರುವಾಗಿತ್ತು, ಪ್ರಾಯೋಗಿಕ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗವೂ ಒಂದು. ಮಾಹಿತಿ ಕಂಪ್ಯೂಟರಿಗೆ ಹೋಯಿತು. ಆದರೆ ಊರಲ್ಲಿ ಕೈಬರಹದ ಪಹಣಿಯೇ ನಡೆಯುತ್ತಿತ್ತು, ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ) ಅದರಲ್ಲೇ ಆಗುತ್ತಿತ್ತು. ಕಂಪ್ಯೂಟರಿನಲ್ಲಿದ್ದದ್ದು ದಿನದಿನಕ್ಕೆ ಹಳತಾಯಿತು, ಯಾರಿಗೂ ಬೇಡವಾಯಿತು. 2000ದ ಆಸುಪಾಸಿನಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಸಾಫ್ಟ್‌ವೇರ್ ಮಾಡಿಕೊಟ್ಟ ಭೂಮಿ ನಿಂತಿತಲ್ಲ, ಅದಕ್ಕೆ ಹೊಸ ತಂತ್ರಜ್ಞಾನವೊಂದೇ ಕಾರಣ ಅಂದುಕೊಳ್ಳಬೇಡಿ. ಒಂದೊಂದು ತಾಲ್ಲೂಕಿನ ದತ್ತಾಂಶ ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನು ಮಾನ್ಯತೆ ಇಲ್ಲ ಎಂದು ಅಧಿಸೂಚನೆ ಹೊರಡಿಸಿದರು. ಹಳೇ ದಾರಿ ಮುಚ್ಚಿತು. ಗ್ರಾಮ ಲೆಕ್ಕಿಗರು ಬೇಡ ಅಂದರೂ ಬೇಕು ಅಂದರೂ ಕಂಪ್ಯೂಟರೇ ದಾಖಲೆಯಾಯಿತು. 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಇಷ್ಟು ದೊಡ್ಡದನ್ನು ನಿಲ್ಲಿಸಿದ್ದರಲ್ಲಿ ಆ ಅಧಿಸೂಚನೆಯ ಪಾಲು ಪ್ರೋಗ್ರಾಮಿಗಿಂತ ಕಡಿಮೆಯಲ್ಲ, ಜಾಸ್ತಿಯೇ ಅನ್ನುತ್ತೇನೆ ನಾನು.

ನಿಮ್ಮ ಜಿಲ್ಲೆಯವರ 'ರಿಜಿಸ್ಟರೇ ಸಾಕು' ಅನ್ನುವ ಮಾತಿಗೂ ಇದೇ ಉತ್ತರ. ಅವರನ್ನು ಸೋಮಾರಿಗಳು ಅಂತ ತಳ್ಳಿಹಾಕಬೇಡಿ. ರಿಜಿಸ್ಟರೂ ಬರೀಬೇಕು, ಕಂಪ್ಯೂಟರಿಗೂ ಹಾಕಬೇಕು ಅಂದರೆ ಯಾರಾದರೂ ಮೊದಲು ರಿಜಿಸ್ಟರನ್ನೇ ಬರೆಯುತ್ತಾರೆ, ಆಡಿಟ್‌ಗೆ ಕೇಳೋದು ಅದನ್ನೇ. ಕಂಪ್ಯೂಟರ್ ಕೆಲಸವನ್ನು ಸಂಜೆ ಐದೂವರೆಗೆ ಡಾಟಾ ಎಂಟ್ರಿ ಆಪರೇಟರ್ ತಲೆಗೆ ಕಟ್ಟುತ್ತಾರೆ. ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್ ಆಪರೇಟರ್ ಡ್ರಾಯರಿನಲ್ಲಿ, ಪಿನ್ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಎಷ್ಟೋ ಕಚೇರಿಗಳಲ್ಲಿ ನೋಡಿದ್ದೇನೆ. ಅಲ್ಲಿಗೆ ಹೊರಗುತ್ತಿಗೆಯ ಹುಡುಗನೊಬ್ಬ ಪರವಾನಗಿ ಪ್ರಾಧಿಕಾರ ಆದ ಹಾಗಾಯಿತು. ಭೂಮಿಯಲ್ಲಿ ಇದಕ್ಕೇ ಬೆರಳ ಗುರುತಿನ ಲಾಗಿನ್ ತಂದದ್ದು, ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವ ಕಟ್ಟು ಹಾಕಿದ್ದು. ಪಹಣಿ ಕೇಂದ್ರದಲ್ಲಿ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಮಾನಿಟರ್ ಇಟ್ಟಿದ್ದರು, ಒಳಗೆ ಏನು ಟೈಪ್ ಮಾಡುತ್ತಿದ್ದಾರೆ ಅಂತ ಹೊರಗಿದ್ದವನಿಗೂ ಕಾಣಲಿ ಎಂದು. ಸಣ್ಣ ಖರ್ಚು, ಒಳ್ಳೇ ತಲೆ. ಸರದಿಯ ವಿಷಯ ಬಂದಾಗ ನಿಮ್ಮಲ್ಲೂ ಒಬ್ಬಿಬ್ಬರ ಮುಖ ಸಪ್ಪಗಾಗಬಹುದು. ಕಾರಣ ನಿಮಗೂ ಗೊತ್ತು, ಅವರಿಗೂ ಗೊತ್ತು, ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ.

ಹಾಗಾಗಿ ಯಾವ ಕಚೇರಿಯಲ್ಲಿ ಯಾವ ತಾರೀಕಿನಿಂದ ಯಾವ ರಿಜಿಸ್ಟರ್ ಬಂದ್ ಎಂದು ಹೆಸರು ಹಿಡಿದು ಆದೇಶ ಮಾಡಿಸಿ. ಅದರಲ್ಲೇ ಇನ್ನೊಂದು ಸಾಲು ಸೇರಿಸಿ: ಇನ್ನು ಮುಂದೆ ಕೇಂದ್ರ ಕಚೇರಿ ಆ ಜಿಲ್ಲೆಯಿಂದ ಮಾಸಿಕ ವರದಿಯನ್ನು ಎಕ್ಸೆಲ್‌ನಲ್ಲಿ ಕೇಳುವುದಿಲ್ಲ, ವ್ಯವಸ್ಥೆಯಿಂದಲೇ ತೆಗೆದುಕೊಳ್ಳುತ್ತದೆ. ಇದನ್ನು ಪಾಲಿಸುವುದು ನಿಮ್ಮ ಕಚೇರಿಗೇ ಕಷ್ಟ, ನೋಡ್ತಾ ಇರಿ. ಆದರೆ ಜಿಲ್ಲೆಯ ಸಿಬ್ಬಂದಿಗೆ ಒಂದು ಹೊರೆಯಾದರೂ ಇಳಿಯಿತು ಅನ್ನಿಸಿದ ದಿನ ಅವರ ಧಾಟಿ ಬದಲಾಗುತ್ತದೆ.

ಹಳೇ ದತ್ತಾಂಶದ ಕಡೆಗೆ ಬರೋಣ. ಎಲ್ಲರೂ ಕಡೆಗಣಿಸುವುದು ಇದನ್ನೇ, ಎಲ್ಲರೂ ಸಿಕ್ಕಿಬೀಳುವುದೂ ಇದರಲ್ಲೇ. ಕಂಪನಿಯವರು 'ಡೇಟಾ ಮೈಗ್ರೇಶನ್' ಎಂದು ಒಂದು ಸಾಲು ಬರೆದಿರುತ್ತಾರೆ. ಆ ಸಾಲಿನೊಳಗೆ ಏನೇನಿದೆ ಗೊತ್ತಾ? ನಿಮ್ಮ ಜಿಲ್ಲೆಗಳಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗಳು ಇದ್ದೇ ಇರುತ್ತವೆ. ಅವು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಪರಿವರ್ತಿಸಬಹುದು, ಆದರೆ ಅರ್ಕಾವೊತ್ತು ಒತ್ತಕ್ಷರ ಸೇರಿದ ಕಡೆ, ಅರ್ಧಕ್ಕೆ ಇಂಗ್ಲಿಷ್ ಅಂಕಿ ಬಂದ ಕಡೆ ಎಡವಟ್ಟಾಗುತ್ತದೆ. ಹೆಸರುಗಳ ಕಥೆ ಇನ್ನೊಂದು. ಒಂದು ಕಡೆ 'ಮಂಜುನಾಥ ಬಿನ್ ರಾಮಪ್ಪ', ಇನ್ನೊಂದು ಕಡೆ 'ಆರ್. ಮಂಜುನಾಥ್', ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಬೇರೆ ಕಾಗುಣಿತ. 'ಲಕ್ಷ್ಮಮ್ಮ ಕೋಂ ತಿಮ್ಮಯ್ಯ' ಎಂದಿದ್ದವರು ಗಂಡ ಹೋದ ಮೇಲೆ ತಂದೆ ಹೆಸರಿನಲ್ಲಿ ನವೀಕರಿಸಿರುತ್ತಾರೆ. ಇವರೆಲ್ಲ ಒಬ್ಬರೇನಾ ಬೇರೆಬೇರೆಯಾ ಅನ್ನುವುದನ್ನು ಬೆಂಗಳೂರಲ್ಲಿ ಕೂತ ಡೇಟಾ ತಂಡ ಹೇಳಲಾರದು. ಆ ಕಡತ ನೋಡುವ ಗುಮಾಸ್ತರು ಹೇಳಬಲ್ಲರು.

ಅದಕ್ಕೇ ಎರಡು ಮಾತು. ಇಪ್ಪತ್ತು ವರ್ಷದ್ದನ್ನೆಲ್ಲ ತುಂಬಿಸಲು ಹೋಗಬೇಡಿ, ಇವತ್ತು ಚಾಲ್ತಿಯಲ್ಲಿರುವ ಪರವಾನಗಿಗಳು ಮಾತ್ರ ಬರಲಿ, ಉಳಿದವು ಯಾರಾದರೂ ಅರ್ಜಿ ಹಾಕಿದಾಗ ಬಂದರೆ ಸಾಕು. ಮತ್ತೆ, ನಮೂದಾದದ್ದನ್ನು ಕಾಗದದಲ್ಲಿ ಮುದ್ರಿಸಿ, ಸಂಬಂಧಪಟ್ಟ ಕಚೇರಿಯವರಿಂದ ಮೂಲ ದಾಖಲೆಯೊಂದಿಗೆ ತಾಳೆ ಮಾಡಿಸಿ, ಪ್ರತಿ ಹಾಳೆಗೂ ಸಹಿ ಮಾಡಿಸಿ. ಭೂಮಿಯಲ್ಲಿ ಗ್ರಾಮ ಲೆಕ್ಕಿಗರಿಂದ ಮಾಡಿಸಿದ್ದು ಇದನ್ನೇ. ಬೇಸರದ ಕೆಲಸ, ಬೇರೆ ದಾರಿ ಇಲ್ಲ. ಎಕ್ಸೆಲ್ ಹಾಳೆ ಮೇಲ್‌ನಲ್ಲಿ ಕಳಿಸಿ 'ಪರಿಶೀಲಿಸಿ ದೃಢೀಕರಿಸಿ' ಎಂದರೆ ಅದೇ ಹಾಳೆ ಮುಟ್ಟದೆ ವಾಪಸ್ ಬರುತ್ತದೆ.

ಮಾರ್ಚ್ ಉದ್ಘಾಟನೆ. 'ಆಗಲ್ಲ ಸಾರ್' ಎಂದು ಸಭೆಯಲ್ಲಿ ಬಾಯಲ್ಲಿ ಹೇಳಿದರೆ ಅದು ನಿಮ್ಮ ಅಸಾಮರ್ಥ್ಯ ಅಂತಲೇ ನಡವಳಿಯಲ್ಲಿ ಬರುತ್ತದೆ. ಟಿಪ್ಪಣಿ ಹಾಳೆಯಲ್ಲಿ ಎರಡು ಆಯ್ಕೆ ಇಟ್ಟು ಮಂಡಿಸಿ. ಒಂದು: ಎಲ್ಲ ಸೇವೆ, ಎಲ್ಲ ಜಿಲ್ಲೆ, ಮಾರ್ಚ್, ಇಂತಿಂಥ ತೀರ್ಮಾನ ಬಾಕಿ, ಹಳೇ ದತ್ತಾಂಶ ಇಷ್ಟು ಬಾಕಿ, ಭದ್ರತಾ ಆಡಿಟ್ ಬಾಕಿ. ಎರಡು: ನವೀಕರಣ ಸೇವೆ ಒಂದೇ, ಎರಡು ಜಿಲ್ಲೆಯಲ್ಲಿ, ಮಾರ್ಚ್‌ನಲ್ಲೇ, ಉಳಿದದ್ದು ಹಂತ ಹಂತವಾಗಿ. ಮೇಲಿನವರಿಗೆ ಬೇಕಾದ್ದು ಒಂದು ಕಾರ್ಯಕ್ರಮ, ಒಂದು ಫೋಟೋ, ನಿಜಕ್ಕೂ ಪರವಾನಗಿ ಕೈಗೆ ಸಿಕ್ಕ ಮೂರ್ನಾಲ್ಕು ಜನ. ಎರಡನೆಯದರಲ್ಲಿ ಅದೆಲ್ಲ ಇದೆ. ನನ್ನ ಅನುಭವದಲ್ಲಿ ಬಹಳಷ್ಟು ಸಲ ಎರಡನೆಯದಕ್ಕೇ ಟಿಕ್ ಬೀಳುತ್ತದೆ. ಮೊದಲನೆಯದನ್ನೇ ಆರಿಸಿದರೂ ಬಾಕಿ ಏನಿತ್ತು ಅನ್ನುವುದು ಕಡತದಲ್ಲಿ ಉಳಿಯುತ್ತದೆ. ತಾರೀಕಿಗೆ ಕಟ್ಟುಬಿದ್ದು ಎಲ್ಲವನ್ನೂ ಒಂದೇ ದಿನ ತೆರೆಯುವುದು ನಮ್ಮದೊಂದೇ ಚಟ ಅಲ್ಲ. ಅಮೆರಿಕದ ಕೇಂದ್ರ ಸರ್ಕಾರ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಹೆಲ್ತ್‌ಕೇರ್.ಗವ್ ತೆರೆದಾಗ ಲಕ್ಷಗಟ್ಟಲೆ ಜನ ಬಂದರು, ಮೊದಲ ದಿನ ಕೊನೆಯವರೆಗೂ ಹೋಗಿ ನೋಂದಣಿ ಮುಗಿಸಿದವರು ಆರೇ ಜನ. ದುಡ್ಡಿಗೂ ಕಂಪನಿಗಳಿಗೂ ಅಲ್ಲೇನು ಬರವಿರಲಿಲ್ಲ.

ಮಾರ್ಚ್ ಅಂದ ಕೂಡಲೇ ಬಿಲ್ ನೆನಪಾಗುತ್ತದೆ. ಅನುದಾನ ಲ್ಯಾಪ್ಸ್ ಆಗುತ್ತದೆ, ಖಜಾನೆಗೆ ಬಿಲ್ ಹೋಗಲಿ ಎಂದು ಒತ್ತಡ ಬರುತ್ತದೆ. ಒಪ್ಪಂದದಲ್ಲಿ 'ಗೋ-ಲೈವ್' ಆದಾಗ ಇಷ್ಟು ಪಾವತಿ ಎಂದಿರುತ್ತದೆ. ಗೋ-ಲೈವ್ ಅಂದರೇನು ಎಂದು ಎಲ್ಲೂ ಬರೆದಿರುವುದಿಲ್ಲ. ದೀಪ ಬೆಳಗಿದರೆ ಗೋ-ಲೈವಾ? ಕಂಪನಿ ಹಾಗೇ ವಾದಿಸುತ್ತದೆ. ಈಗಲೇ, ಸಂಬಂಧ ಚೆನ್ನಾಗಿರುವಾಗಲೇ, ಒಂದು ಸಭೆ ಕರೆದು ಅರ್ಥವನ್ನು ನಿಗದಿ ಮಾಡಿ: ಇಂತಿಷ್ಟು ಕಚೇರಿಗಳಲ್ಲಿ, ಇಂತಿಷ್ಟು ದಿನ, ನಿಜವಾದ ಅರ್ಜಿಗಳು, ಅಧಿಕಾರಿಯ ಸ್ವಂತ ಲಾಗಿನ್‌ನಿಂದ, ಶುಲ್ಕ ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ಕ್ಕೆ ತಾಳೆಯಾಗಿ ವಿಲೇವಾರಿ ಆಗಿರಬೇಕು. ನಡವಳಿಗೆ ಕಂಪನಿಯ ಸಹಿಯನ್ನೂ ಹಾಕಿಸಿ. ಆಮೇಲೆ ಎಜಿ (ಮಹಾಲೇಖಪಾಲರ) ಆಡಿಟ್‌ನವರು ಕೇಳಿದಾಗ ನಿಮ್ಮನ್ನು ಕಾಯುವುದು ಈ ಒಂದು ಹಾಳೆ.

ವಾಟ್ಸ್ಯಾಪ್ ಗುಂಪಿನ ಬಗ್ಗೆ ಎಚ್ಚರ. ಪ್ರಾಜೆಕ್ಟಿಗೊಂದು ಗುಂಪು ಇದ್ದೇ ಇರುತ್ತದೆ. ರಾತ್ರಿ ಒಂಬತ್ತಕ್ಕೆ ದೊಡ್ಡವರು ಯಾರೋ 'ಈ ಕಾಲಂ ತೆಗೀರಿ' ಅನ್ನುತ್ತಾರೆ, ಕಂಪನಿಯವರು 'ಓಕೆ ಸರ್' ಅನ್ನುತ್ತಾರೆ, ಬೆಳಿಗ್ಗೆ ಕಾಲಂ ಇಲ್ಲ. ತಿಂಗಳಾದ ಮೇಲೆ ಅದೇ ಕಾಲಂ ಬೇಕು ಅಂತ ಇನ್ನೊಬ್ಬರು. ವರ್ಷದ ಕೊನೆಗೆ ಇವೆಲ್ಲ 'ಹೆಚ್ಚುವರಿ ಕೆಲಸ' ಎಂಬ ಹೆಸರಲ್ಲಿ ಬಿಲ್ಲಾಗಿ ಬರುತ್ತವೆ. ಗುಂಪನ್ನು ಮುಚ್ಚಲು ಆಗೋದಿಲ್ಲ. ಆದರೆ ಬದಲಾವಣೆಗೆ ಒಂದೇ ಬಾಗಿಲು ಇರಲಿ, ಅದು ನೀವು. ಒಂದು ಪುಸ್ತಕ ಇಡಿ: ಯಾರು ಕೇಳಿದರು, ಯಾಕೆ, ಮೂಲ ಒಪ್ಪಂದದೊಳಗಿನದೋ ಹೊರಗಿನದೋ, ಯಾರು ಒಪ್ಪಿದರು. ವಾರಕ್ಕೊಮ್ಮೆ ಇ-ಆಫೀಸ್ ಕಡತಕ್ಕೆ ಹಾಕಿ.

ಬೇರೆ ಇಲಾಖೆಯ ದತ್ತಾಂಶ ಬೇಕಿದ್ದರೆ ಪತ್ರ ವ್ಯವಹಾರವನ್ನು ಇವತ್ತೇ ಶುರು ಮಾಡಿ, ಕೋಡ್ ಬರೆಯುವುದಕ್ಕಿಂತ ಅದೇ ನಿಧಾನ. ಆಸ್ತಿ ನೋಂದಣಿಯಾಯಿತು ಎಂದು ಉಪನೋಂದಣಿ ಕಚೇರಿ ಕಳಿಸುವ ಜೆ ಸ್ಲಿಪ್ ನೋಂದಣಿಯ ತಂತ್ರಾಂಶ ಕಾವೇರಿಯಿಂದ ಭೂಮಿಗೆ ತಾನಾಗಿ ಹೋಗುವ ಹಾಗೆ ಆಗಿದ್ದು, ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ ಸರ್ವೆಯ 11ಇ ನಕ್ಷೆ ಅದರ ಜೊತೆ ಕೂಡಿಕೊಂಡದ್ದು ಮೂರು ಕಚೇರಿಗಳು ಒಪ್ಪಿ ನಿಯಮ ಮಾಡಿಕೊಂಡ ಮೇಲೆ. ನಿಮ್ಮ ಕಂಪನಿ 'ಎಪಿಐ (ಎರಡು ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳುವ ಕೊಂಡಿ) ಸಿಕ್ಕರೆ ಎರಡೇ ದಿನದ ಕೆಲಸ' ಅನ್ನುತ್ತದೆ. ಸುಳ್ಳೇನಲ್ಲ, ಸಿಗಬೇಕಲ್ಲ.

ಭದ್ರತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಕಡ್ಡಾಯವಾಗಿರುವುದರಿಂದ ಯಾರಾದರೂ ನೆನಪಿಸುತ್ತಾರೆ. ರಾಜ್ಯ ದತ್ತಾಂಶ ಕೇಂದ್ರಕ್ಕೆ ಏರಿಸುವ ಮೊದಲು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಿಇಆರ್‌ಟಿ-ಇನ್ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಆಡಿಟ್ ಆಗಬೇಕು. ಮೊದಲ ಸುತ್ತಿನಲ್ಲಿ ಲೋಪಗಳು ಬಂದೇ ಬರುತ್ತವೆ, ಸರಿಪಡಿಸಿ ಮತ್ತೆ ತೋರಿಸಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು (ವ್ಯವಸ್ಥೆಯಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) 180 ದಿನ ಇಡಬೇಕು ಎಂದು ಅದರ 2022ರ ನಿರ್ದೇಶನ ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ತಿಳಿಸುವವರು ಯಾರು, ಹೆಸರು ಬರೆದಿಡಿ. 2025ರ ಶುರುವಿನಲ್ಲಿ ಕಾವೇರಿ 2.0ರ ಮೇಲೆ ದಾಳಿಯಾಗಿ ನೋಂದಣಿಗೆ ಬಂದ ಜನ ಕಚೇರಿ ಮುಂದೆ ಕಾದದ್ದು ನೆನಪಿದೆಯಲ್ಲ.

ಪರೀಕ್ಷೆಯನ್ನು ಮಾತ್ರ ಕೇಂದ್ರ ಕಚೇರಿಯ ಕಾನ್ಫರೆನ್ಸ್ ಹಾಲಿನಲ್ಲಿ ಮಾಡಬೇಡಿ. ದೂರದ ತಾಲ್ಲೂಕೊಂದಕ್ಕೆ ಕಂಪನಿಯವರನ್ನು ಕರೆದುಕೊಂಡು ಹೋಗಿ. ಅಲ್ಲಿನ ಹಳೇ ಕಂಪ್ಯೂಟರು, ಅಲ್ಲಿನ ನೆಟ್ಟು, ಸ್ಕ್ಯಾನರು, ನಡುವೆ ಹೋಗುವ ಕರೆಂಟು. ಹನ್ನೊಂದೂವರೆಗೆ ಜನ ತುಂಬಿದಾಗ ಅರ್ಧ ತುಂಬಿದ ಅರ್ಜಿ ಕರೆಂಟ್ ಹೋಗಿ ಮಾಯವಾದರೆ ಮತ್ತೆ ಮೊದಲಿಂದ ತುಂಬಬೇಕಾ, ಉಳಿದಿರುತ್ತದಾ? ಕಂಪನಿಯ ಎಂಜಿನಿಯರ್ ಅದನ್ನು ತನ್ನ ಕಣ್ಣಿಂದ ನೋಡಲಿ. ಒಂದು ಮಧ್ಯಾಹ್ನ ಸಾಕು, ಹತ್ತು ಪರಿಶೀಲನಾ ಸಭೆಯಲ್ಲಿ ಆಗದ್ದು ಆಗುತ್ತದೆ.

ಕೊನೆಯದಾಗಿ, ನಿಮಗೂ ವರ್ಗ ಆಗುತ್ತದೆ. ಹಿಂದಿನವರು ನಿಮಗೇನೂ ಬಿಟ್ಟುಹೋಗಿಲ್ಲ ಅನ್ನಿಸುತ್ತಿದೆ. ನೀವು ಬಿಡಬೇಕಾದ್ದನ್ನು ಈಗಿನಿಂದಲೇ ಕೂಡಿಸಿ. ಮೂಲ ಕೋಡ್ ಇಲಾಖೆಯದು ಎಂದು ಒಪ್ಪಂದದಲ್ಲಿದ್ದರೂ ಅದು ಕಂಪನಿಯ ಕಂಪ್ಯೂಟರಿನಲ್ಲೇ ಇರುತ್ತದೆ. ಪ್ರತಿ ಬಿಡುಗಡೆಗೂ ಒಂದು ಪ್ರತಿ ಇ-ಆಡಳಿತ ಇಲಾಖೆಯವರ ಅಥವಾ ಎನ್‌ಐಸಿಯವರ ಸುಪರ್ದಿಗೆ ಬರಲಿ. ಬಂದದ್ದರಿಂದ ನಿಜಕ್ಕೂ ವ್ಯವಸ್ಥೆ ಎದ್ದು ನಿಲ್ಲುತ್ತದಾ ಎಂದು ಒಮ್ಮೆಯಾದರೂ ಬೇರೆ ಸರ್ವರಿನಲ್ಲಿ ಹಾಕಿಸಿ ನೋಡಿ. ಬ್ಯಾಕಪ್ ವಿಷಯವೂ ಅಷ್ಟೇ. ಡೊಮೇನ್, ಎಸ್‌ಎಂಎಸ್ ಗೇಟ್‌ವೇ, ಪಾವತಿ ಗೇಟ್‌ವೇ ಖಾತೆಗಳು ಕಂಪನಿಯ ನೌಕರನ ಇಮೇಲ್‌ನಲ್ಲಿದ್ದರೆ ಹುದ್ದೆಯ ಹೆಸರಿನ ಸರ್ಕಾರಿ ಇಮೇಲ್‌ಗೆ ಬದಲಾಯಿಸಿ. ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಬ್ಬರು ಅಧಿಕಾರಿಗಳ ಸಹಿಯೊಂದಿಗೆ ಇಡಿ, ಬದಲಾದಾಗಲೆಲ್ಲ ಲಕೋಟೆಯೂ ಬದಲಾಗಲಿ. ನಿಮ್ಮ ಕೆಳಗೆ ಒಬ್ಬ ಖಾಯಂ ನೌಕರರನ್ನು, ಸಾಧ್ಯವಾದರೆ ಈಗ ಕಡತ ತರಿಸಿಕೊಳ್ಳುವಾಗ ಕರೆಸಿದ ಆ ವಿಷಯ ನಿರ್ವಾಹಕರಲ್ಲೇ ಒಬ್ಬರನ್ನು, ಆದೇಶದ ಮೂಲಕ ಈ ಯೋಜನೆಗೆ ಹಾಕಿಸಿಕೊಳ್ಳಿ. ಬಾಯಿಮಾತಿನ ನಿಯೋಜನೆ ಬೇಡ, ಮುಂದಿನ ಸಾಹೇಬರು ಬಂದ ವಾರವೇ ಅವರನ್ನು ಟಪಾಲು ಸೆಕ್ಷನ್‌ಗೆ ವಾಪಸ್ ಹಾಕಿಬಿಡುತ್ತಾರೆ.